ಬರೆದವರಿಗೆ ಮಾತ್ರ ಕಾಣುವ ಪೋಸ್ಟ್: ಸೆನ್ಸಾರ್ ಫೀಚರ್ ಕಟ್ಟುವ ಇಂಜಿನಿಯರ್‌ನ ಹೊಣೆ ಎಷ್ಟು?

"ಈ ಪದಗಳಿರುವ ಪೋಸ್ಟ್ ಬೇರೆ ಯಾರಿಗೂ ಕಾಣಬಾರದು, ಬರೆದವರಿಗೆ ಮಾತ್ರ ಕಾಣುತ್ತಿರಲಿ. ಶುಕ್ರವಾರದೊಳಗೆ ಬೇಕು." ಸೆನ್ಸಾರ್ ಫೀಚರ್ ಇಂಜಿನಿಯರ್ ಮುಂದೆ ಬರುವುದು ಹೀಗೆ, ಎರಡು ಸಾಲಿನ ಟಿಕೆಟ್ (ಕಂಪನಿಯೊಳಗೆ ದಾಖಲಾಗುವ ಕೆಲಸದ ಕೋರಿಕೆ) ಆಗಿ. ಅದರಲ್ಲಿ ಸೆನ್ಸಾರ್ ಎಂಬ ಪದ ಎಲ್ಲೂ ಇರುವುದಿಲ್ಲ. 'ಕಂಟೆಂಟ್ ಕ್ವಾಲಿಟಿ' ಅಂತಲೋ 'ಸೇಫ್ಟಿ' ಅಂತಲೋ ತಲೆಬರಹ ಇರುತ್ತದೆ, ಜೊತೆಗೊಂದು ಎಕ್ಸೆಲ್ ಶೀಟು.

ಕಾರವಾರದಿಂದ ಭಟ್ಕಳದವರೆಗಿನ ಸುದ್ದಿ, ಮೀನಿನ ದರ, ಅಡಿಕೆ ಧಾರಣೆ, ಬಸ್ಸಿನ ಹೊತ್ತು ಎಲ್ಲವನ್ನೂ ಹಾಕುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಅದರ ಕೋಡ್ ಬರೆಯುವವರು ಶಿರಸಿ ಹತ್ತಿರದ ಹಳ್ಳಿಯ ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಶೀಟಿನಲ್ಲಿ ಬಂದ ಪದಗಳು: ಬಂದರು, ಕೇಣಿ, ಟೊಂಕ, ಬೇಡ್ತಿ. ಇವು ಏನೆಂದು ಉತ್ತರ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಕೋಲೆಯ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆಗಳಿಗೆ ಮೀನುಗಾರರ ವಿರೋಧ ಇದೆ. ಬೇಡ್ತಿ–ವರದಾ ನದಿ ಜೋಡಣೆಗೆ ಶಿರಸಿ, ಯಲ್ಲಾಪುರ ಕಡೆಯವರ ವಿರೋಧ ಇದೆ. ಆ್ಯಪ್ ಮತ್ತು ಟಿಕೆಟ್ ಕಲ್ಪನೆಯವು. ಇಂಥ ತಡೆ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಮುಂದೆ ಹೇಳುವುದೆಲ್ಲ ನಿಜ.

"ನಾವು ಸಂಬಳಕ್ಕೆ ಕೆಲಸ ಮಾಡುವವರು, ತೀರ್ಮಾನ ಮೇಲಿನವರದ್ದು" ಎಂಬ ಉತ್ತರ ಇಲ್ಲಿ ಅರ್ಧ ಮಾತ್ರ ಸರಿ. ತಡೆಯಬೇಕೆಂದು ಹೇಳಿದವರಿಗೂ, ಕಂಪನಿಯ ವಕೀಲರಿಗೂ, ಮ್ಯಾನೇಜರ್‌ಗೂ ಗೊತ್ತಿಲ್ಲದ ಒಂದು ಸಂಗತಿ ಕೋಡ್ ಬರೆಯುವವರಿಗೆ ಗೊತ್ತಿರುತ್ತದೆ: ಈ ಕತ್ತರಿ ನಿಜವಾಗಿ ಎಲ್ಲೆಲ್ಲಿ ಕತ್ತರಿಸುತ್ತದೆ ಎಂಬುದು. ಅವರ ಹೊಣೆ ಹುಟ್ಟುವುದೇ ಆ ತಿಳಿವಳಿಕೆಯಿಂದ. ಎಷ್ಟು ಗೊತ್ತೋ ಅಷ್ಟು ಹೊಣೆ.

ನಾಲ್ಕು ಪದಗಳ ಫಿಲ್ಟರ್ ಮಾಡುವ ಅನಾಹುತ

ಪೂರ್ತಿ ಪದ ಹೊಂದಿದರೆ ಮಾತ್ರ ತಡೆಯುವ ಫಿಲ್ಟರ್ ಬರೆದರೆ 'ಬಂದರು' ಸಿಗುತ್ತದೆ, 'ಬಂದರಿಗೆ', 'ಬಂದರಿನ', 'ಬಂದರನ್ನು' ತಪ್ಪಿಸಿಕೊಳ್ಳುತ್ತವೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದಲ್ಲ. ಎರಡನೇ ದಿನ "ಇನ್ನೂ ಕಾಣುತ್ತಿವೆ" ಎಂದು ಟಿಕೆಟ್ ವಾಪಸ್ ಬರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಬಾಲ ಕತ್ತರಿಸಿ 'ಬಂದರ' ಎಂದು ಶುರುವಾಗುವುದನ್ನೆಲ್ಲ ಹಿಡಿಯುವುದು. ಈಗ 'ಬಂದರೆ', 'ಬಂದರೂ', 'ಬಂದರಂತೆ' ಎಲ್ಲ ಬಲೆಗೆ ಬಿದ್ದವು. "ಮಳೆ ಜೋರು ಬಂದರೆ ದೇವಿಮನೆ ಘಟ್ಟದಲ್ಲಿ ಬಸ್ ಬಿಡುವುದಿಲ್ಲವಂತೆ" ಎಂಬ ಪೋಸ್ಟ್ ಹೋಯಿತು. "ಡಾಕ್ಟರು ಇವತ್ತು ಬಂದರು" ಹೋಯಿತು. 'ಟೊಂಕ' ಹಾಕಿದ್ದಕ್ಕೆ ಟೊಂಕ ನೋವಿಗೆ ಔಷಧಿ ಕೇಳಿದವರ ಪೋಸ್ಟೂ ಹೋಯಿತು.

ನಾಲ್ಕನೇ ಪದ ಇನ್ನೂ ಅಪಾಯದ್ದು. ಘಟ್ಟದ ಮೇಲೆ ಬೇಡ್ತಿ ಎನ್ನುವ ಹೊಳೆಯೇ ಕೆಳಗೆ ಅಂಕೋಲೆಯ ಕಡೆ ಗಂಗಾವಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೂ ಗಂಗಾವಳಿಯ ಒಳಗೂ ಬಿತ್ತು. ಅಂಥ ಮಳೆಗಾಲದಲ್ಲಿ ಮೇಲಿನವರು ಹಾಕುವ "ಬೇಡ್ತಿಯಲ್ಲಿ ನೀರು ಏರುತ್ತಿದೆ" ಎಂಬ ಒಂದು ಸಾಲು ಕೆಳಗಿನವರಿಗೆ ಎಷ್ಟು ಮುಖ್ಯ ಎಂದು ಹೊಳೆಸಾಲಿನಲ್ಲಿ ಇರುವವರಿಗೆ ಗೊತ್ತು. ಫಿಲ್ಟರ್ ಆ ಸಾಲನ್ನೂ ಮುಚ್ಚುತ್ತದೆ. ಟಿಕೆಟ್‌ನಲ್ಲಿ "ಬರೆದವರಿಗೆ ಮಾತ್ರ ಕಾಣಲಿ" ಎಂದಿದೆ. ಹಾಗಾಗಿ ಬರೆದವರು ಊರಿಗೆಲ್ಲ ತಿಳಿಸಿ ಆಯಿತು ಎಂದುಕೊಂಡು ಸುಮ್ಮನಿರುತ್ತಾರೆ. ಪೋಸ್ಟ್ ಹೋಗಲಿಲ್ಲ ಎಂದು ಗೊತ್ತಾಗಿದ್ದರೆ ಫೋನ್ ಆದರೂ ಮಾಡುತ್ತಿದ್ದರು. ಶ್ಯಾಡೋ ಬ್ಯಾನ್ ಎನ್ನುವ ಈ ವಿಧಾನ ಇಡೀ ವಿಷಯದಲ್ಲಿ ಅತಿ ಕೆಟ್ಟದ್ದು ಎಂದು ನಾವು ಹೇಳುವುದು ಇದಕ್ಕಾಗಿ. ಪೋಸ್ಟನ್ನು ಅಳಿಸುವವರು ಮಾತನ್ನು ನಿಲ್ಲಿಸುತ್ತಾರೆ. ಶ್ಯಾಡೋ ಬ್ಯಾನ್ ಕಟ್ಟುವವರು ಅದರ ಜೊತೆಗೆ, ಮಾತಾಡಿದವರಿಗೆ ಸುಳ್ಳನ್ನೂ ಹೇಳುತ್ತಾರೆ, ಮತ್ತು ಆ ಸುಳ್ಳಿನ ಸಾಲು ಬರೆದದ್ದು ಇಂಜಿನಿಯರ್.

ಇನ್ನೊಂದು ತೊಡಕು ಅಕ್ಷರಗಳದ್ದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ವ್ಯವಸ್ಥೆ ಯುನಿಕೋಡ್. ಯುನಿಕೋಡ್‌ನಲ್ಲಿ 'ಟೊ' ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಕಂಪ್ಯೂಟರ್‌ಗೆ ಬೇರೆ ಬೇರೆ. ಹೋಲಿಸುವ ಮೊದಲು ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ (ಎರಡನ್ನೂ ಒಂದೇ ರೂಪಕ್ಕೆ ತರುವುದು) ಮಾಡದಿದ್ದರೆ ಒಂದು ಕೀಲಿಮಣೆಯಲ್ಲಿ ಬರೆದವರ ದೂರು ಕಾಣುತ್ತದೆ, ಇನ್ನೊಂದರಲ್ಲಿ ಬರೆದವರದ್ದು ಮಾಯವಾಗುತ್ತದೆ. ಅಕ್ಷರಗಳ ನಡುವೆ ಬರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಗಳದ್ದೂ ಇದೇ ಕತೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರು, ಕಾರವಾರದ ಕಡೆ ದೇವನಾಗರಿಯಲ್ಲಿ ಕೊಂಕಣಿ ಬರೆಯುವವರು ಪೂರ್ತಿ ಪಾರಾಗುತ್ತಾರೆ. ನಡುವೆ ಚುಕ್ಕೆ ಇಟ್ಟು ಬರೆಯಲು ಜಾಣರಿಗೆ ಒಂದು ದಿನ ಸಾಕು. ಕೊನೆಗೆ ಸಿಕ್ಕಿಬೀಳುವವರು ಅಚ್ಚುಕಟ್ಟಾಗಿ ಕನ್ನಡ ಲಿಪಿಯಲ್ಲಿ ಬರೆಯುವ ಮುಗ್ಧರು.

"ಹಾಗಾದರೆ ಪದಪಟ್ಟಿ ಬೇಡ, ಎಐ ಹಾಕೋಣ" ಎಂಬ ಮಾತು ಈಗ ಎಲ್ಲ ಮೀಟಿಂಗ್‌ನಲ್ಲೂ ಬರುತ್ತದೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ 1,00,000 ಪೋಸ್ಟ್, ಅದರಲ್ಲಿ ನಿಜಕ್ಕೂ ತಡೆಯಬೇಕಾದವು 100 ಎನ್ನೋಣ. ಮಾಡೆಲ್ ಎರಡೂ ಕಡೆ ಶೇ. 99 ಸರಿ. ಕೆಟ್ಟ 100ರಲ್ಲಿ 99 ಹಿಡಿಯುತ್ತದೆ. ಉಳಿದ 99,900ರಲ್ಲಿ ಶೇ. 1, ಅಂದರೆ 999 ಒಳ್ಳೆಯ ಪೋಸ್ಟ್‌ಗಳನ್ನೂ ಹಿಡಿಯುತ್ತದೆ. ತೆಗೆದ 1,098ರಲ್ಲಿ ಹತ್ತಕ್ಕೆ ಒಂಬತ್ತು ನಿರಪರಾಧಿಗಳದ್ದು. "ಶೇ. 99 ನಿಖರ" ಎಂಬ ಸ್ಲೈಡ್ ನೋಡಿದ ಮ್ಯಾನೇಜರ್‌ಗೆ ಈ ಲೆಕ್ಕ ಹೊಳೆಯದಿರಬಹುದು. ಇಂಜಿನಿಯರ್‌ಗೆ ಹೊಳೆಯಲೇಬೇಕು, ಹೇಳಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು. ಫಿಲ್ಟರ್ ಇನ್ನೂ ಚೆನ್ನಾಗಿ ಬರೆದರೆ ಸಮಸ್ಯೆ ಮುಗಿಯಿತು ಎಂದು ಅರ್ಥವಲ್ಲ. ಮೀನುಗಾರರ ವಿರೋಧವನ್ನಷ್ಟೇ ಕರಾರುವಾಕ್ಕಾಗಿ ಹುಡುಕಿ ಮುಚ್ಚುವ ಫಿಲ್ಟರ್ ಇನ್ನೂ ಹೆಚ್ಚು ಅನ್ಯಾಯದ್ದು. ತಾಂತ್ರಿಕ ದೋಷ ತೋರಿಸುವುದು ಮೊದಲ ಹೆಜ್ಜೆ. ಉದ್ದೇಶವನ್ನು ಕೇಳುವುದು ಅದರ ನಂತರವೂ ಉಳಿದಿರುತ್ತದೆ.

ತಡೆಯಲೇಬೇಕಾದ ಹೊತ್ತೂ ಇದೆ

2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನ ಶವ ಸಿಕ್ಕ ಮೇಲೆ ಚಿತ್ರಹಿಂಸೆಯ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿತು, ಕುಮಟಾ, ಶಿರಸಿಗಳಲ್ಲಿ ಗಲಭೆಯಾಯಿತು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟದ್ದು 2022ರಲ್ಲಿ. ಅಂಥ ವಾರದಲ್ಲಿ "ಎಲ್ಲ ಮಾತೂ ಹರಿಯಲಿ" ಎಂದು ಕೈ ಕಟ್ಟಿ ಕೂರುವುದು ನೈತಿಕತೆಯಲ್ಲ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ, ಯಾರದೋ ಖಾಸಗಿ ವಿಡಿಯೋ, ಇಂಥವರನ್ನು ಹೊಡೆಯಿರಿ ಎಂದು ಮನೆ ವಿಳಾಸ ಹಾಕುವ ಪೋಸ್ಟ್, ಇವನ್ನು ತೆಗೆಯುವ ಸಾಧನ ಕಟ್ಟಲು ಯಾರೂ ಹಿಂಜರಿಯಬೇಕಿಲ್ಲ.

ಆದರೆ ವದಂತಿಗೆ ಪದದ ಫಿಲ್ಟರ್ ಹಾಕಿದರೆ ಏನಾಗುತ್ತದೆ? ವದಂತಿಯಲ್ಲಿರುವ ಪದಗಳೇ ಅದನ್ನು ಅಲ್ಲಗಳೆಯುವ ಪೊಲೀಸ್ ಪ್ರಕಟಣೆಯಲ್ಲೂ ಇರುತ್ತವೆ. ಎರಡೂ ಮುಚ್ಚಿಹೋಗುತ್ತವೆ. ಇಂಥಲ್ಲಿ ಮಾತನ್ನು ಓದದೆಯೇ ವೇಗ ತಗ್ಗಿಸುವ ವಿಧಾನ ಹೆಚ್ಚು ಪ್ರಾಮಾಣಿಕ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯದವರು ವದಂತಿಗೆ ಹೆದರಿ ಬೆಂಗಳೂರು ಬಿಟ್ಟು ರೈಲು ಹತ್ತಿದಾಗ, ಒಟ್ಟಿಗೆ 5ಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಸರ್ಕಾರ 15 ದಿನಗಳ ಮಟ್ಟಿಗೆ ಮಿತಿ ಹಾಕಿತು. ವಾಟ್ಸಾಪ್ 2018ರ ಜುಲೈನಲ್ಲಿ ಭಾರತದಲ್ಲಿ ಫಾರ್ವರ್ಡ್‌ಗೆ 5 ಚಾಟ್‌ಗಳ ಮಿತಿ ತಂದಿತು. ಇಂಥ ಮಿತಿ ಎಲ್ಲರಿಗೂ ಒಂದೇ, ಎಲ್ಲರಿಗೂ ಕಾಣುತ್ತದೆ, ಯಾರ ಅಭಿಪ್ರಾಯವನ್ನೂ ಆರಿಸಿ ಮುಚ್ಚುವುದಿಲ್ಲ. ಮ್ಯಾನೇಜರ್ ಫಿಲ್ಟರ್ ಕೇಳಿದಾಗ ಬರೀ "ಆಗುವುದಿಲ್ಲ" ಎನ್ನುವುದಕ್ಕಿಂತ ಈ ಬಗೆಯ ಬದಲಿ ಸೂಚಿಸಿದರೆ ಮಾತು ಮುಂದುವರಿಯುತ್ತದೆ.

ಪ್ಲಾಟ್‌ಫಾರ್ಮ್ ಒಳಗೆ ನಿಖರವಾಗಿ ತಡೆಯುವ ಸೌಲಭ್ಯ ಇಲ್ಲದಿದ್ದರೆ ತಡೆ ಹೊರಗಿನಿಂದ, ಒರಟಾಗಿ ಬರುತ್ತದೆ ಎಂಬುದನ್ನೂ ಮರೆಯಬಾರದು. ಈಗಿನ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಸಂಪರ್ಕದಲ್ಲಿ ಟೆಲಿಕಾಂ ಕಂಪನಿಗೆ ಸಾಮಾನ್ಯವಾಗಿ ಸೈಟಿನ ಹೆಸರು ಮಾತ್ರ ಕಾಣುತ್ತದೆ, ಒಳಗಿನ ಪುಟ ಕಾಣುವುದಿಲ್ಲ. ಒಂದು ಪುಟ ತಡೆಯಬೇಕೆಂದರೂ ಇಡೀ ಸೈಟನ್ನೇ ತಡೆಯಬೇಕಾಗುತ್ತದೆ. 2014ರ ಡಿಸೆಂಬರಿನಲ್ಲಿ ಭಾರತದಲ್ಲಿ 32 ಸೈಟುಗಳನ್ನು ತಡೆದಾಗ ಪ್ರೋಗ್ರಾಮರ್‌ಗಳ ನಿತ್ಯದ ಗಿಟ್‌ಹಬ್ ಕೂಡ ಅದರಲ್ಲಿತ್ತು. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹಾಕಿದ, ಯೂಟ್ಯೂಬ್‌ಗೆ ದಾರಿ ಇಲ್ಲೇ ಇದೆ ಎಂಬ ಸುಳ್ಳು ಪ್ರಕಟಣೆ ಹೊರಗಿನ ನೆಟ್‌ವರ್ಕ್‌ಗಳಿಗೂ ಸೋರಿ, ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ನಿಂತಿತು. ಅದಕ್ಕೆ ಸಾಕಾದದ್ದು ಒಂದು ದೇಶದ ಆದೇಶ, ಒಂದು ಕಂಪನಿಯ ರೂಟರ್ (ದಾರಿ ತೋರುವ ಯಂತ್ರ) ಬದಲಾವಣೆ.

ಆದೇಶ ಯಾವ ಬಾಗಿಲಿನಿಂದ ಬಂತು?

ಟಿಕೆಟ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ಭಾರತದಲ್ಲಿ ಕಾನೂನಿನ ಬಾಗಿಲುಗಳು ಹೆಚ್ಚಿಲ್ಲ.

ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ಎ ಕಲಂ ಕೇಂದ್ರ ಸರ್ಕಾರಕ್ಕೆ ತಡೆಯುವ ಅಧಿಕಾರ ಕೊಡುತ್ತದೆ. ಕಾರಣಗಳನ್ನು ಕಾಯ್ದೆಯೇ ಪಟ್ಟಿ ಮಾಡಿದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ರಾಜ್ಯದ ಭದ್ರತೆ, ಮಿತ್ರ ದೇಶಗಳ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಮತ್ತು ಇವಕ್ಕೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ ತಡೆಯುವುದು. ಯೋಜನೆಯೊಂದರ ಟೀಕೆ, ಅಧಿಕಾರಿಗೆ ಆದ ಮುಜುಗರ ಈ ಪಟ್ಟಿಯಲ್ಲಿಲ್ಲ. ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. 2009ರ ನಿಯಮಗಳ ಪ್ರಕಾರ ಸಮಿತಿ ಪರಿಶೀಲಿಸಬೇಕು, ತುರ್ತು ಇಲ್ಲದಿದ್ದರೆ ಉತ್ತರಕ್ಕೆ ಕನಿಷ್ಠ 48 ಗಂಟೆ ಕೊಡಬೇಕು. ಪಾಲಿಸದಿದ್ದರೆ 7 ವರ್ಷದವರೆಗೆ ಜೈಲು. ಆದೇಶದ ವಿವರ ಗೋಪ್ಯವಾಗಿಡಬೇಕು ಎಂದು ಅದೇ ನಿಯಮಗಳ 16ನೇ ನಿಯಮ ಹೇಳುತ್ತದೆ. ಹಾಗಾಗಿ ಸಿಟ್ಟಿನಲ್ಲಿ ಆದೇಶದ ಫೋಟೋ ತೆಗೆದು ಹೊರಗೆ ಹಾಕುವ ಮೊದಲು ವಕೀಲರನ್ನು ಕೇಳಬೇಕು.

ಎರಡನೆಯದು 79(3)(ಬಿ) ಕಲಂ. ಕಾನೂನುಬಾಹಿರ ವಿಷಯದ ಬಗ್ಗೆ ತಿಳಿಸಿದ ಮೇಲೂ ತೆಗೆಯದ ಪ್ಲಾಟ್‌ಫಾರ್ಮ್ ಬಳಕೆದಾರರ ಬರಹಕ್ಕೆ ತಾನು ಹೊಣೆಯಲ್ಲ ಎಂಬ ಕಾನೂನು ರಕ್ಷಣೆ ಕಳೆದುಕೊಳ್ಳುತ್ತದೆ. 'ತಿಳಿಸುವುದು' ಎಂದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಎಂದು 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಇಂಥ ಸೂಚನೆಯನ್ನು ಜಂಟಿ ಕಾರ್ಯದರ್ಶಿ ದರ್ಜೆಯವರೋ ಮೇಲಿನವರೋ ಕೊಡಬೇಕು, ಪೊಲೀಸರಾದರೆ ಅಧಿಕಾರ ಪಡೆದ ಡಿಐಜಿ ದರ್ಜೆಯವರೋ ಮೇಲಿನವರೋ. ಕಾನೂನಿನ ಆಧಾರ ಮತ್ತು ನಿರ್ದಿಷ್ಟ ಯುಆರ್‌ಎಲ್ (ವೆಬ್ ವಿಳಾಸ) ಅಥವಾ ಗುರುತು ಅದರಲ್ಲಿರಬೇಕು. ಈ ಸೂಚನೆಗಳು ಬರುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹಾಕಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಅದಕ್ಕೂ ಮೊದಲು, 2023ರ ಜೂನ್ 30ರಂದು, 69ಎ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್‌ಗೆ ಇದೇ ಹೈಕೋರ್ಟಿನ ಏಕಸದಸ್ಯ ಪೀಠ 50 ಲಕ್ಷ ರೂಪಾಯಿ ದಂಡ ಹಾಕಿತ್ತು. ಕಾನೂನು ಪ್ಲಾಟ್‌ಫಾರ್ಮ್‌ಗಳ ಕಡೆಗೆ ವಾಲಿದೆ ಎಂಬ ಭ್ರಮೆ ಯಾರಿಗೂ ಬೇಡ.

ಹೀಗಿದ್ದೂ ನಮ್ಮ ಟಿಕೆಟ್ ಈ ಯಾವ ಬಾಗಿಲಿನಿಂದಲೂ ಬಂದಿಲ್ಲ. ಆದೇಶ ಸಂಖ್ಯೆ ಇಲ್ಲ, ಕಲಂ ಇಲ್ಲ, ಯುಆರ್‌ಎಲ್ ಇಲ್ಲ, ಇನ್ನೂ ಬರೆಯದ ಪೋಸ್ಟ್‌ಗಳಿಗೂ ಅನ್ವಯ. ಯಾರೋ ಫೋನ್ ಮಾಡಿದ್ದಾರೆ, ಅಥವಾ ಜಾಹೀರಾತು ಕೊಡುವವರು ಮುಖ ಗಂಟಿಕ್ಕಿದ್ದಾರೆ. "ಯಾವ ಕಲಂ ಪ್ರಕಾರ? ಆದೇಶ ಸಂಖ್ಯೆ ಟಿಕೆಟ್‌ಗೆ ಸೇರಿಸಿ" ಎಂದು ಬರಹದಲ್ಲಿ ಕೇಳುವುದು ದಂಗೆಯಲ್ಲ, ಮಾಮೂಲಿ ಕಚೇರಿ ಕೆಲಸ. ಬಾಯಿಮಾತಿನ ಒತ್ತಡ ಬರಹಕ್ಕೆ ಇಳಿಯಬೇಕಾದಾಗ ಎಷ್ಟೋ ಸಲ ಅಲ್ಲೇ ನಿಲ್ಲುತ್ತದೆ.

ಕಟ್ಟಬೇಕಾಗಿ ಬಂದರೆ ಹೇಗೆ

ಕಾನೂನಿನ ಆದೇಶಗಳನ್ನು ಪಾಲಿಸಲು ಪ್ಲಾಟ್‌ಫಾರ್ಮ್‌ಗೆ ಏನಾದರೊಂದು ಸಾಧನ ಬೇಕೇ ಬೇಕು. ಅದರ ಡೇಟಾಬೇಸ್ ಟೇಬಲ್ ಹೇಗಿದೆ ಎಂಬುದರಲ್ಲೇ ಅರ್ಧ ನೀತಿ ತೀರ್ಮಾನವಾಗುತ್ತದೆ. ಪ್ರತಿ ತಡೆಗೂ ಆದೇಶ ಸಂಖ್ಯೆ, ಕಲಂ, ಕೊಟ್ಟವರ ಹುದ್ದೆ, ತಡೆಯಬೇಕಾದ ಪೋಸ್ಟಿನ ಗುರುತು, ಯಾವ ಪ್ರದೇಶಕ್ಕೆ, ಮರುಪರಿಶೀಲನೆಯ ದಿನಾಂಕ, ಈ ಆರೂ ಖಾಲಿ ಬಿಡಲಾಗದ ಕಾಲಂಗಳಾಗಿರಲಿ. 'ಇತರೆ' ಎಂಬ ಆಯ್ಕೆ ಕೊಡಬೇಡಿ. ಕೊಟ್ಟರೆ ಆರು ತಿಂಗಳಲ್ಲಿ ಎಲ್ಲವೂ 'ಇತರೆ' ಆಗಿರುತ್ತದೆ. ತಡೆ ಪೋಸ್ಟಿನ ಗುರುತಿನ ಮೇಲಿರಲಿ, ಪದದ ಮೇಲೆ ಬೇಡ. ಪದಪಟ್ಟಿ ಬೇಕೇ ಬೇಕೆಂದರೆ ಅದು ಪೋಸ್ಟನ್ನು ಮನುಷ್ಯರ ಪರಿಶೀಲನೆಯ ಸಾಲಿಗೆ ಕಳಿಸಲಿ, ತಾನೇ ತೆಗೆಯದಿರಲಿ.

ತಡೆ ಕೋರಿದವರೇ ಒಪ್ಪಿಗೆ ಕೊಡುವಂತಿರಬಾರದು, ಎರಡು ಲಾಗಿನ್ ಬೇಕು. ಯಾರು, ಯಾವಾಗ, ಏನು ತಡೆದರು ಎಂಬ ದಾಖಲೆಗೆ ಹೊಸ ಸಾಲು ಸೇರಿಸಬಹುದು, ಹಳೆಯದನ್ನು ತಿದ್ದಲು ಆಗಬಾರದು. ಪ್ರತಿ ಸಾಲಿನಲ್ಲೂ ಹಿಂದಿನ ಸಾಲಿನ ಹ್ಯಾಶ್ (ಆ ಸಾಲಿನಿಂದಲೇ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಇಟ್ಟರೆ ನಡುವೆ ಕೈಯಾಡಿಸಿದ್ದು ಸಿಕ್ಕಿಬೀಳುತ್ತದೆ. ಆದರೆ ತಡೆದ ಪೋಸ್ಟನ್ನು ತೆರೆಯಲು ಯಾರ್‍ಯಾರು ಯತ್ನಿಸಿದರು ಎಂಬುದನ್ನು ಎಲ್ಲೂ ಉಳಿಸಬೇಡಿ. ಅಂಥ ಪಟ್ಟಿ ಇದೆ ಎಂದಾದರೆ ಒಂದು ದಿನ ಯಾರಾದರೂ ಕೇಳುತ್ತಾರೆ. ಯಾಹೂ ಕೊಟ್ಟ ಖಾತೆಯ ವಿವರ ಆಧರಿಸಿ ಚೀನಾದಲ್ಲಿ ಶಿ ತಾವೊ ಎಂಬ ಪತ್ರಕರ್ತರಿಗೆ 2005ರಲ್ಲಿ 10 ವರ್ಷ ಜೈಲಾಯಿತು.

ತಡೆದ ಜಾಗ ತಡೆದದ್ದೆಂದೇ ಕಾಣಲಿ. "ಕಾನೂನು ಕಾರಣಕ್ಕೆ ಲಭ್ಯವಿಲ್ಲ" ಎಂದು ಹೇಳಲೆಂದೇ ವೆಬ್‌ನಲ್ಲಿ 451 ಎಂಬ ಸ್ಥಿತಿ ಸಂಖ್ಯೆ ಇದೆ, 2016ರಲ್ಲಿ ಆರ್‌ಎಫ್‌ಸಿ 7725 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಾಗಿ ಪ್ರಕಟವಾದದ್ದು. 404 ಕಳಿಸಿದರೆ ಪುಟವೇ ಇರಲಿಲ್ಲ ಎಂದು ಹೇಳಿದಂತಾಗುತ್ತದೆ. ಬರೆದವರಿಗೆ ಸೂಚನೆ ಹೋಗಲಿ, ಅದರಲ್ಲೇ ಮೇಲ್ಮನವಿಯ ಗುಂಡಿ ಇರಲಿ, ಗುಂಡಿಯ ಆಚೆ ಕನ್ನಡ ಓದಬಲ್ಲ ಮನುಷ್ಯರು ಇರಲಿ. ಗೋಪ್ಯತೆಯ ನಿಯಮ ಅಡ್ಡ ಬರುವ ಕಡೆ ಸೂಚನೆಯಲ್ಲಿ ಎಷ್ಟು ಹೇಳಬಹುದು ಎಂದು ವಕೀಲರು ನಿರ್ಧರಿಸಲಿ. ಏನೂ ಹೇಳದಿರುವುದನ್ನೇ ಮಾಮೂಲಿ ಮಾಡಿಕೊಳ್ಳಬೇಡಿ.

ಹೊಸ ನಿಯಮ ಯಾವುದೇ ಇರಲಿ, ಚಾಲೂ ಮಾಡುವ ಮುನ್ನ ಹಿಂದಿನ 30 ದಿನಗಳ ಪೋಸ್ಟ್‌ಗಳ ಮೇಲೆ ಸುಮ್ಮನೆ ಓಡಿಸಿ ನೋಡಿ. ಸಿಕ್ಕಿಬಿದ್ದವುಗಳಲ್ಲಿ 200ನ್ನು ಯಾದೃಚ್ಛಿಕವಾಗಿ ಆರಿಸಿ, ಊರಿನ ಕನ್ನಡ ಬಲ್ಲ ಇಬ್ಬರು ಬೇರೆ ಬೇರೆಯಾಗಿ ಓದಿ ಗುರುತು ಹಾಕಲಿ. ಅದರಲ್ಲಿ ದೇವಿಮನೆ ಘಟ್ಟದ ಬಸ್ಸು, ಟೊಂಕ ನೋವು, ಹೊಳೆ ನೀರು ಎಷ್ಟಿವೆ ಎಂಬ ಪಟ್ಟಿಯನ್ನು ಟಿಕೆಟ್ ಕೊಟ್ಟವರ ಮುಂದಿಡಿ. ನೀತಿಯ ಮಾತಿಗೆ ಬಗ್ಗದವರೂ ಇಂಥ ಪಟ್ಟಿಯ ಮುಂದೆ ಬಗ್ಗುತ್ತಾರೆ.

ಒಲ್ಲೆ ಎನ್ನುವ ದಾರಿ

ಇಷ್ಟಾದ ಮೇಲೂ "ಅದೆಲ್ಲ ಬೇಡ, ಹೇಳಿದಷ್ಟು ಮಾಡಿ" ಎಂದರೆ ಗೆರೆ ಎಳೆಯಬೇಕಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಗೆರೆ ಮೂರು ಕಡೆ: ಬಳಕೆದಾರರಿಗೆ ಸುಳ್ಳು ಹೇಳುವ ತಡೆ, ದಾಖಲೆ ಉಳಿಸದ ತಡೆ, ಮತ್ತು ಬರೆದವರನ್ನು ಗುರುತಿಸಿ ಕೊಡುವ ತಡೆ. ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಕಟ್ಟಬಾರದು.

ಹೇಳುವ ಕ್ರಮವೂ ಮುಖ್ಯ. ಮೊದಲು ಟಿಕೆಟ್‌ನಲ್ಲೇ ಆಕ್ಷೇಪ ಬರೆಯಿರಿ, ತಾಂತ್ರಿಕ ಕಾರಣ ಮೊದಲು, ನೈತಿಕ ಕಾರಣ ಆಮೇಲೆ, ಎರಡೂ ಸ್ಪಷ್ಟವಾಗಿ. ಆಮೇಲೆ ಮ್ಯಾನೇಜರ್‌ನ ಮೇಲಿನವರಿಗೆ, ಕಾನೂನು ವಿಭಾಗಕ್ಕೆ. ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ 177ನೇ ಕಲಂ ಪ್ರಕಾರ ದೂರು ಹೇಳಿಕೊಳ್ಳುವ ವಿಜಿಲ್ ವ್ಯವಸ್ಥೆ ಇರಬೇಕು. ಸಣ್ಣ ಸ್ಟಾರ್ಟಪ್‌ನಲ್ಲಿ ಅದು ಇರುವುದಿಲ್ಲ, ಅಲ್ಲಿ ಜೊತೆಗಾರರೇ ಬಲ. ಒಬ್ಬರ ಆಕ್ಷೇಪವನ್ನು ಸ್ವಭಾವದೋಷ ಎನ್ನಬಹುದು, ನಾಲ್ವರದ್ದನ್ನು ಹಾಗೆನ್ನುವುದು ಕಷ್ಟ. ಕಂಪ್ಯೂಟರ್ ವೃತ್ತಿಯವರ ಸಂಘವಾದ ಎಸಿಎಂನ 2018ರ ನೀತಿಸಂಹಿತೆಯೂ ಅನೈತಿಕ ನಿಯಮವನ್ನು ಪ್ರಶ್ನಿಸಬೇಕು, ಮುರಿಯುವುದಾದರೆ ಪರಿಣಾಮದ ಹೊಣೆ ಹೊರಬೇಕು ಎನ್ನುತ್ತದೆ.

ಗೂಗಲ್ ಚೀನಾಕ್ಕಾಗಿ ಗುಟ್ಟಾಗಿ ಕಟ್ಟುತ್ತಿದ್ದ ಡ್ರ್ಯಾಗನ್‌ಫ್ಲೈ ಎಂಬ ಸೆನ್ಸಾರ್ ಮಾಡಿದ ಸರ್ಚ್ 2018ರ ಆಗಸ್ಟಿನಲ್ಲಿ ಬಯಲಾದಾಗ ಸುಮಾರು 1,400 ಉದ್ಯೋಗಿಗಳು ಪತ್ರಕ್ಕೆ ಸಹಿ ಹಾಕಿದರು. ನೈತಿಕವಾಗಿ ತೀರ್ಮಾನಿಸಲು ಬೇಕಾದ ಮಾಹಿತಿಯೇ ನಮಗಿಲ್ಲ ಎಂಬುದು ಅವರ ಮುಖ್ಯ ದೂರು. ಕೆಲಸವನ್ನು ತುಂಡು ಮಾಡಿ ಹಂಚಿದರೆ ಯಾರಿಗೂ ಪೂರ್ತಿ ಚಿತ್ರ ಕಾಣುವುದಿಲ್ಲ. ಜ್ಯಾಕ್ ಪೌಲ್ಸನ್ ಎಂಬ ಸಂಶೋಧಕರು ರಾಜೀನಾಮೆ ಕೊಟ್ಟರು. 2019ರ ಜುಲೈನಲ್ಲಿ ಯೋಜನೆ ನಿಲ್ಲಿಸಿದ್ದೇವೆ ಎಂದು ಕಂಪನಿ ಅಮೆರಿಕದ ಸೆನೆಟ್ ಸಮಿತಿಗೆ ಹೇಳಿತು. "ನಾನು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ" ಎನ್ನುವವರು ಈ ಪ್ರಕರಣ ನೋಡಬೇಕು. ಮಾಡುವ ಇನ್ನೊಬ್ಬರು ಸಿಗಬಹುದು, ಆದರೆ ಅವರು ಟಿಕೆಟ್ ತೆರೆದಾಗ ನಿಮ್ಮ ಆಕ್ಷೇಪ ಅಲ್ಲೇ ಇರುತ್ತದೆ.

ಹೊಸದಾಗಿ ಸೇರಿದವರಿಂದ, ಮನೆ ಸಾಲದ ಕಂತು ಇರುವವರಿಂದ ರಾಜೀನಾಮೆ ನಿರೀಕ್ಷಿಸುವುದು ನ್ಯಾಯವಲ್ಲ. ಬೇರೆ ಕೆಲಸಕ್ಕೆ ಹಾಕಿ ಎಂದು ಕೇಳುವುದು ಅವರಿಗೆ ಸಾಕು. ವಿನ್ಯಾಸಕ್ಕೆ ಸಹಿ ಹಾಕುವ ಹಿರಿಯರಿಗೆ ಆ ವಿನಾಯಿತಿ ಇಲ್ಲ. ಒಪ್ಪಿದಂತೆ ನಟಿಸಿ ಬೇಕೆಂದೇ ಕೆಟ್ಟ ಫಿಲ್ಟರ್ ಬರೆದು ಕೊಡುವುದನ್ನು ಕೆಲವರು ಜಾಣತನ ಎಂದುಕೊಳ್ಳುತ್ತಾರೆ. ಅದು ಮಾಡಬಾರದ ಕೆಲಸ. ಕೆಟ್ಟ ಫಿಲ್ಟರ್ ಯಾರನ್ನು ಮುಚ್ಚುತ್ತದೆ ಎಂದು ಬರೆದವರಿಗೂ ಗೊತ್ತಿರುವುದಿಲ್ಲ, ಮುಂದೆ ಅದನ್ನು ಸರಿಪಡಿಸುವವರು ಅದರ ಉದ್ದೇಶವನ್ನು ಪ್ರಶ್ನಿಸುವುದೂ ಇಲ್ಲ.

ತಡೆಯನ್ನು ತೆಗೆಯುವ ಕೆಲಸ ಯಾವ ಟಿಕೆಟ್‌ನಲ್ಲೂ ಬರೆದಿರುವುದಿಲ್ಲ. ಆದೇಶ ರದ್ದಾದರೂ ಕಾನ್ಫಿಗ್ ಫೈಲಿನಲ್ಲಿ (ಆ್ಯಪ್‌ನ ಸೆಟ್ಟಿಂಗ್ ಇಡುವ ಕಡತ) ತಡೆಯ ಸಾಲು ಉಳಿಯುತ್ತದೆ, ಬ್ಯಾಕಪ್‌ನಿಂದ ಸರ್ವರ್ ಎಬ್ಬಿಸಿದಾಗ ಸತ್ತ ಪಟ್ಟಿ ಮತ್ತೆ ಜೀವ ಪಡೆಯುತ್ತದೆ. ಕಂಪನಿಯೇ ಹಾಕಿದ ತಡೆಗಳು ದಿನಾಂಕ ದಾಟಿದ ಕೂಡಲೇ ತಾವೇ ಬೀಳುವಂತೆ ಬರೆಯಿರಿ. ಸರ್ಕಾರ ಅಥವಾ ಕೋರ್ಟಿನ ಆದೇಶದವು ತಾವಾಗಿ ಬೀಳುವಂತಿಲ್ಲ, ಅವುಗಳಿಗೆ ಮರುಪರಿಶೀಲನೆಯ ದಿನ ಕಾನೂನು ವಿಭಾಗಕ್ಕೆ ಮೇಲ್ ಹೋಗಲಿ. ಪ್ರತಿ ಸೋಮವಾರ ಚಾಲ್ತಿಯಲ್ಲಿರುವ ತಡೆಗಳ ಪಟ್ಟಿ ಇಬ್ಬರ ಹೆಸರಿಗೆ ಬರಲಿ, ಒಬ್ಬರು ಇಂಜಿನಿಯರಿಂಗ್‌ನವರು, ಇನ್ನೊಬ್ಬರು ಆ ತಂಡದ ಹೊರಗಿನವರು. ಕೆಲಸ ಬಿಡುವವರು ಹಸ್ತಾಂತರದ ಕಡತದಲ್ಲಿ ಆ ಪಟ್ಟಿಯನ್ನೂ, ಪ್ರತಿ ತಡೆ ಯಾವ ಫೈಲಿನ ಯಾವ ಟೇಬಲಿನಲ್ಲಿದೆ ಎಂಬುದನ್ನೂ ಬರೆದಿಡಬೇಕು.